ಗೆರೆಯ ಮೇಲಿನ ಬಿಲ್ಲೆ

ನನ್ನ ಯಜಮಾನರಿಗೆ ಸುಳ್ಳು ಹೇಳಲು ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಇದನ್ನು ದೊಡ್ಡ ಗುಣವೆಂದು ತವರಿನಲ್ಲಿ ಹೇಳಿಕೊಂಡು ಬಂದಿದ್ದೆ. ವರ್ಷಗಳು ಹೋದ ಮೇಲೆ ತಿಳಿಯಿತು, ಸುಳ್ಳು ಹೇಳಬೇಕಾದ ಪ್ರಸಂಗ ಬಂದರೆ ಅವರು ಸುಮ್ಮನಾಗುತ್ತಾರೆ. ಸುಮ್ಮನಾಗಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾರೆ. ಗಾಜು ಎಷ್ಟೇ ಸ್ವಚ್ಛವಿರಲಿ, ಒರೆಸುತ್ತಾರೆ. ಹೋದ ವರ್ಷ ಗೋವಾದಲ್ಲಿ ಒಂದು ಮಧ್ಯಾಹ್ನ ಅವರು ಹಾಗೆ ಒರೆಸಿದ್ದನ್ನು ನಾನು ನೋಡಿದೆ. ನೋಡಬಾರದಿತ್ತು ಅಂತ ಆಮೇಲೆ ಎಷ್ಟೋ ಸಲ ಅನಿಸಿದೆ.

ಗೋಕಾಕದಲ್ಲಿ ನಮ್ಮದು ನೀರೆತ್ತುವ ಮೋಟರು, ಪೈಪುಗಳ ಅಂಗಡಿ. ಹೆಚ್ಚು ಮಾಲು ಮಾರಿದ ಅಂಗಡಿಯವರಿಗೆ ಮೋಟರ್ ಕಂಪನಿಯವರು ಪಣಜಿಯಲ್ಲಿ ಎರಡು ದಿನ ಉಳಿಯುವ ವ್ಯವಸ್ಥೆ ಮಾಡಿದರು. ಹೊಳೆಯಲ್ಲಿ ನಿಂತ ಹಡಗಿನ ಕ್ಯಾಸಿನೊಕ್ಕೆ ಒಂದು ಮಧ್ಯಾಹ್ನದ ಪ್ರವೇಶವೂ ಅದರಲ್ಲೇ ಸೇರಿತ್ತು. ಪುಕ್ಕಟೆ ಬಂದದ್ದನ್ನು ನಂಬುವ ಹೆಂಗಸು ನಾನಲ್ಲ. ಬಟ್ಟೆಯಂಗಡಿಯವನು ಒಂದು ಚೀಲ ಪುಕ್ಕಟೆ ಕೊಟ್ಟರೂ ಅದರ ಹೊಲಿಗೆ ಎಳೆದು ನೋಡುತ್ತೇನೆ.

ಹುಕ್ಕೇರಿಯಲ್ಲಿರುವ ನಾದಿನಿಯನ್ನು ದಾರಿಯಲ್ಲಿ ಹತ್ತಿಸಿಕೊಂಡೆವು. ಅಣ್ಣನ ಕಾರು ಗೋವಾಕ್ಕೆ ಹೊರಟಿದೆ ಅಂತ ಗೊತ್ತಾದ ಮೇಲೆ ಆಕೆಯನ್ನು ಮನೆಯಲ್ಲಿ ಹಿಡಿದಿಡುವವರು ಯಾರೂ ಇರಲಿಲ್ಲ. ಆಂಬೋಲಿ ಘಾಟ ಇಳಿಯುವವರೆಗೆ ನನ್ನನ್ನೇ ಚೇಷ್ಟೆ ಮಾಡುತ್ತ ಬಂದಳು.

"ವೈನಿ, ನೀವು ಕ್ಯಾಸಿನೊದಾಗ ಹೋಗಿ ಎಲ್ಲಾರಿಗೂ ಗುಡ್ ಆಫ್ಟರ್‌ನೂನ್ ಸಿಸ್ಟರ್ ಅನ್ನಬ್ಯಾಡ್ರಿ ಮತ್ತ."

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಅದನ್ನು ನೆನೆಸಿಕೊಂಡೇ ಆಕೆ ಹೀಗೆ ಕುಟುಕುವುದು. ಅಲ್ಲಿ ಉತ್ತರಪತ್ರಿಕೆ ತಿರುಗಿ ಕೊಟ್ಟ ದಿನ ನಾನೊಮ್ಮೆ ಎದ್ದು ನಿಂತು, "ಸಿಸ್ಟರ್, ನನಗೆ ಎರಡು ಅಂಕ ಹೆಚ್ಚು ಬಿದ್ದಿವೆ" ಎಂದಿದ್ದೆ. ಸಿಸ್ಟರ್ ಆ ಎರಡು ಅಂಕ ಕಳೆದು, ಬೆನ್ನು ತಟ್ಟಿದರು. ಮುಂದಿನ ಒಂದು ವರ್ಷ ವರ್ಗದ ಹುಡುಗಿಯರು ನನ್ನೆದುರು ಮಾತು ನಿಲ್ಲಿಸುತ್ತಿದ್ದರು. ಇವಳು ಯಾವಾಗ ಎದ್ದು ನಿಂತು ಏನು ಹೇಳಿಬಿಡುತ್ತಾಳೋ ಅಂತ ಅವರಿಗೆ ನನ್ನ ಮೇಲೆ ಗುಮಾನಿ. ಅಂದಿನಿಂದ ನಾನು ಎದ್ದು ನಿಂತು ಹೇಳುವುದನ್ನು ಬಿಟ್ಟೆ.

ದಂಡೆಯಿಂದ ಸಣ್ಣ ದೋಣಿಯಲ್ಲಿ ಹಡಗಿಗೆ ಕರೆದೊಯ್ದರು. ಆಧಾರ್ ಕಾರ್ಡು ನೋಡಿ, ಊರು ಬರೆದುಕೊಂಡು, ಮೂವರ ಮುಂಗೈಗೂ ಕಾಗದದ ಪಟ್ಟಿ ಕಟ್ಟಿದರು. ಒಳಗೆ ಕಾಲಿಟ್ಟ ಕೂಡಲೇ ನಾನು ನೋಡಿದ್ದು ಗೋಡೆಗಳನ್ನು. ಕಿಟಕಿಯೂ ಇಲ್ಲ, ಗಡಿಯಾರವೂ ಇಲ್ಲ. ಹೊರಗೆ ಮೂರು ಗಂಟೆಯ ಬಿಸಿಲು, ಒಳಗೆ ಯಾವ ಹೊತ್ತೂ ಅಲ್ಲದ ಬೆಳಕು. ಚಾವಣಿಯ ತುಂಬ ಕರಿಯ ಗಾಜಿನ ಬುಗುಟುಗಳು, ಒಂದೊಂದರೊಳಗೂ ಕ್ಯಾಮೆರಾ. ಆಡಿಸುವ ಹುಡುಗ ಹುಡುಗಿಯರೆಲ್ಲ ಕರಿ ಜಾಕೀಟು ತೊಟ್ಟಿದ್ದರು. ಅವರ ಪ್ಯಾಂಟಿನ ಜೇಬುಗಳನ್ನು ಹೊಲಿದು ಮುಚ್ಚಿದ್ದರು. ಇಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ ಅಂತ ಅದನ್ನು ನೋಡಿಯೇ ಗೊತ್ತಾಯಿತು. ನನಗೆ ಒಂದು ನಮೂನೆ ಸಮಾಧಾನವೂ ಆಯಿತು.

ಯಜಮಾನರು ಚಕ್ರ ತಿರುಗಿಸುವ ಮೇಜಿನ ಮುಂದೆ ಕೂತರು. ಹಸಿರು ಬಟ್ಟೆಯ ಮೇಲೆ ಚೌಕ ಚೌಕ ಬರೆದು ಅಂಕಿ ಹಾಕಿರುತ್ತಾರೆ. ಚಿಪ್ಸ್ ಅಂತ ಕರೆಯುವ ಬಣ್ಣದ ಬಿಲ್ಲೆಗಳನ್ನು ಬೇಕಾದ ಅಂಕಿಯ ಮೇಲೆ ಇಡುವುದು, ಚಕ್ರದಲ್ಲಿ ಗುಂಡು ಯಾವ ಮನೆಗೆ ಬೀಳುತ್ತದೋ ಆ ಅಂಕಿಯವರಿಗೆ ಗೆಲುವು. ಎರಡು ಅಂಕಿಗಳ ನಡುವಿನ ಗೆರೆಯ ಮೇಲೂ ಇಡಬಹುದು. ಆಗ ಎರಡರಲ್ಲಿ ಯಾವುದು ಬಂದರೂ ಗೆದ್ದಂತೆ, ಆದರೆ ಸಿಗುವುದು ಅರ್ಧದಷ್ಟೇ. ಇದನ್ನೆಲ್ಲ ನನಗೆ ತಿಳಿಸಿ ಹೇಳಿದವರು ಯಜಮಾನರೇ. ಇದು ಮುಖ್ಯ, ಅದಕ್ಕೇ ಬರೆಯುತ್ತಿದ್ದೇನೆ.

ಮೇಜಿನ ಆ ಬದಿಗೆ ನಿಂತು ಆಡಿಸುತ್ತಿದ್ದ ಹುಡುಗಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿದ್ದಳು, ಹಣೆಯಲ್ಲಿ ಸಾಸಿವೆಯಷ್ಟು ಟಿಕಳಿ. ಮುಂಗೈಯಲ್ಲಿ ಬಳೆ ಇರಬೇಕಾದಲ್ಲಿ ಬಿಳಿಚಿದ ಗುರುತು. ಎಲ್ಲರೊಡನೆ ಇಂಗ್ಲಿಷ್, ಹಿಂದಿ ಆಡುತ್ತಿದ್ದಳು. ನಾವು ನಮ್ಮ ಮಾತು ಆಡಿದಾಗ ಮಾತ್ರ ಅವಳ ಕಣ್ಣು ಒಂದು ಗಳಿಗೆ ನಮ್ಮ ಕಡೆ ಹೊರಳುತ್ತಿತ್ತು.

"ಅಣ್ಣಾ, ಈ ಹುಡುಗಿ ನಮ್ಮ ಕಡೀಕ್ಯಾ ಅದಾಳ ನೋಡು" ಎಂದಳು ನಾದಿನಿ. ನೇರವಾಗಿ ಅವಳನ್ನೇ ಕೇಳಿಯೂಬಿಟ್ಟಳು, "ಯಾವೂರವಾ ನಿಂದು?"

ಹುಡುಗಿ ತುಟಿ ಅಲುಗಿಸದಂತೆ, "ಹುಕ್ಕೇರಿ ರಿ" ಎಂದು ಚಕ್ರ ತಿರುಗಿಸಿದಳು.

ನಾದಿನಿಗೆ ಅಷ್ಟು ಸಾಕಾಯಿತು. ಗುಂಡು ಕಟಕಟ ಸುತ್ತುತ್ತಿದ್ದಾಗ ಆಕೆ ಅಣ್ಣನ ಭುಜ ತಿವಿದು, "ಅಣ್ಣಾ, ಇದು ನಮ್ಮೂರ ಹಿಟ್ಟಿನ ಗಿರಣಿ ಇದ್ದಂಗ ಐತೋ. ನೀ ಜ್ವಾಳಾ ಹಾಕಾಕತ್ತಿ, ಬರಾಕತ್ತಿದ್ದು ಬರೇ ಸಪ್ಪಳಾ!" ಎಂದಳು. ಹುಡುಗಿಗೆ ನಗು ತಡೆಯಲಿಲ್ಲ. ಮುಖ ಬಗ್ಗಿಸಿದಳು.

ಗುಂಡು ಇಪ್ಪತ್ತೆರಡಕ್ಕೆ ಬಿತ್ತು. ಯಜಮಾನರ ಬಿಲ್ಲೆ ಇಪ್ಪತ್ತೆರಡು ಇಪ್ಪತ್ಮೂರರ ನಡುವಿನ ಗೆರೆಯ ಮೇಲಿತ್ತು. ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಅರ್ಧ ಈಚೆ, ಅರ್ಧ ಆಚೆ. ಹುಡುಗಿ ಪೂರಾ ಇಪ್ಪತ್ತೆರಡರ ಮೇಲೆ ಇಟ್ಟವರಿಗೆ ಕೊಡುವಷ್ಟು ಬಿಲ್ಲೆ ಎಣಿಸಿ, ಎರಡು ಗೋಪುರ ಮಾಡಿ, ನಮ್ಮ ಕಡೆ ಸರಿಸಿದಳು. ದುಪ್ಪಟ್ಟು.

ಯಜಮಾನರು ಬಿಲ್ಲೆಗಳನ್ನು ಮೊಳಕೈಯಿಂದ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ರೀ" ಎಂದೆ.

"ಸುಮ್ನಿರು."

"ಅಲ್ರಿ, ಗೆರಿ ಮ್ಯಾಲ..."

"ಅವರಿಗೆ ತಿಳಿಯಂಗಿಲ್ಲೇನ? ದಿನಾ ಮಾಡವರು ಅವರು. ನಾ ಕೇಳೇನೇನ ಕೊಡು ಅಂತ?"

ಇದನ್ನು ಕೇಳಿ ನನ್ನ ತಲೆಯಲ್ಲಿ ಸಂಶಯಗಳು ಒಂದರ ಹಿಂದೆ ಒಂದು ಎದ್ದವು. ಮೊದಲು ಬಂದದ್ದು, ಇದು ಕ್ಯಾಸಿನೊದವರದೇ ಯುಕ್ತಿ. ಹೆಚ್ಚು ಕೊಟ್ಟಂತೆ ಮಾಡಿ ಕೂಡಿಸಿಕೊಳ್ಳುತ್ತಾರೆ, ಸಂಜೆಯೊಳಗೆ ಎಲ್ಲ ಎಳೆದುಕೊಳ್ಳುತ್ತಾರೆ. ಆಮೇಲೆ, ಹುಡುಗಿಯೇ ನಮ್ಮ ಮಾತು ಕೇಳಿ ಬೇಕಂತ ಕೊಟ್ಟಳೇನೋ. ಹೊರಗೆ ಹೋದ ಮೇಲೆ ಪಾಲು ಕೇಳಲು ಬರುತ್ತಾಳೇನೋ. ಬರೆಯಲು ನಾಚಿಕೆಯಾಗುತ್ತದೆ, ಇನ್ನೊಂದು ಸಂಶಯವೂ ಬಂತು. ಯಜಮಾನರು ಈ ಮೊದಲು ಕಂಪನಿಯ ಮೀಟಿಂಗಿಗೆಂದು ಎರಡು ಸಲ ಗೋವಾಕ್ಕೆ ಬಂದಿದ್ದರು. ಈ ಆಟದ ನಿಯಮ ಅವರಿಗೆ ಇಷ್ಟು ಚೆನ್ನಾಗಿ ಹೇಗೆ ಗೊತ್ತು? ಈ ಮೇಜಿಗೇ ಬಂದು ಯಾಕೆ ಕೂತರು?

ಸ್ವಲ್ಪ ಹೊತ್ತಿಗೆ ಯಜಮಾನರು ಚಹಾ ತರುತ್ತೇನೆಂದು ಎದ್ದರು. ನಾದಿನಿಯೂ ತಿಂಡಿಯ ಕಡೆ ನಡೆದಳು. ಬಿಲ್ಲೆಗಳನ್ನು ನೋಡಿಕೊಂಡು ನಾನೊಬ್ಬಳೇ ಕೂತೆ. ಅಷ್ಟರಲ್ಲಿ ಆ ಹುಡುಗಿಯ ಪಾಳಿ ಮುಗಿಯಿತು. ಇನ್ನೊಬ್ಬ ಬಂದು ಅವಳ ಹೆಗಲು ಮುಟ್ಟಿದ. ಅವಳು ಒಮ್ಮೆ ಚಪ್ಪಾಳೆ ತಟ್ಟಿ, ಎರಡೂ ಅಂಗೈ ಮೇಲೆ ಮಾಡಿ ಚಾವಣಿಯ ಕ್ಯಾಮೆರಾಕ್ಕೆ ತೋರಿಸಿದಳು. ಕೈಯಲ್ಲಿ ಏನೂ ಒಯ್ಯುತ್ತಿಲ್ಲ ಎಂಬುದಕ್ಕೆ ಹಾಗೆ ಮಾಡುತ್ತಾರೆ.

ಇಲ್ಲಿ ನಾನು ಮಾಡಿದ್ದನ್ನು ಹೇಳುವ ಮುಂಚೆ ಮೂಡಲಗಿಯ ಮಾತು ಹೇಳಬೇಕು. ನನ್ನ ತವರು ಅದು. ನಮ್ಮ ಓಣಿಯಲ್ಲಿ ಹೆಂಗಸರ ತಪ್ಪನ್ನು ನಾಲ್ಕು ಮಂದಿಯ ಎದುರು ತಿದ್ದುವ ಪದ್ಧತಿ ಇರಲಿಲ್ಲ. ಮದುವೆಯಲ್ಲಿ ಆಯೇರಿಯ ಉಡುಗೊರೆ ಹಂಚುವ ಗಡಿಬಿಡಿಯಲ್ಲಿ ಯಾರೋ ಎರಡೆರಡು ಕುಬುಸದ ಖಣ ಕೊಟ್ಟುಬಿಟ್ಟರೆ, ನಮ್ಮವ್ವ ಆಗ ಸುಮ್ಮನಿರುತ್ತಿದ್ದಳು. ಆಮೇಲೆ ಆ ಹೆಣ್ಣುಮಗಳು ಒಬ್ಬಳೇ ಸಿಕ್ಕಾಗ ಮುಂಗೈ ಹಿಡಿದು, ಹೆಚ್ಚಾದದ್ದನ್ನು ಅಂಗೈಯಲ್ಲಿಟ್ಟು, ಬೆರಳು ಮಡಚಿ, ಮೇಲೆ ತನ್ನ ಎರಡೂ ಕೈ ಮುಚ್ಚಿ, "ಯಾರಿಗೂ ಹೇಳಬ್ಯಾಡ" ಅನ್ನುತ್ತಿದ್ದಳು. ಕೊಟ್ಟದ್ದೂ ಕಾಣಬಾರದು, ಇಸಿದುಕೊಂಡದ್ದೂ ಕಾಣಬಾರದು. ಮರ್ಯಾದೆ ಅಂದರೆ ಅದು ಅಂತ ನಾನು ಕಲಿತದ್ದು.

ಹೆಚ್ಚಾಗಿ ಬಂದಿದ್ದ ಅರ್ಧ ಭಾಗದ ಬಿಲ್ಲೆ ತೆಗೆದುಕೊಂಡು ಎದ್ದೆ. ಹುಡುಗಿ ಮೇಜು ಸುತ್ತಿ ನನ್ನ ಪಕ್ಕದಿಂದ ಹೊರಟಾಗ ಅವಳ ಮುಂಗೈ ಹಿಡಿದು, ಬಿಲ್ಲೆಗಳನ್ನು ಅಂಗೈಗೆ ತುಂಬಿ, ಬೆರಳು ಮಡಚಿ, ನಮ್ಮವ್ವನ ಹಾಗೆಯೇ ಎರಡೂ ಕೈ ಮುಚ್ಚಿದೆ. "ತಂಗಿ, ಜಾಸ್ತಿ ಕೊಟ್ಟಿದ್ದಿ. ತಗೋ. ಯಾರಿಗೂ ಹೇಳಬ್ಯಾಡ" ಎಂದೆ.

ಅವಳು ಕೆಂಡ ಮುಟ್ಟಿದವಳಂತೆ ಕೈ ಕೊಡವಿದಳು. ಬಿಲ್ಲೆಗಳು ಜಮಖಾನದ ಮೇಲೆ ಉರುಳಿದವು. "ಅಕ್ಕಾರ, ಏನ್ ಮಾಡಿದ್ರಿ" ಎಂದಳು, ಅಷ್ಟೇ.

ಎಲ್ಲಿದ್ದರೋ, ಕೋಟು ಹಾಕಿದ ಮೇಲ್ವಿಚಾರಕರು ಆಗಲೇ ಎದುರು ನಿಂತಿದ್ದರು. ಏನು ಕೊಟ್ಟಿರಿ ಅಂತ ಇಂಗ್ಲಿಷಿನಲ್ಲಿ ವಿನಯವಾಗಿಯೇ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಯಜಮಾನರು ಚಹಾದ ಕಪ್ಪು ಹಿಡಿದು ಬಂದರು. ನೆಲದ ಮೇಲಿನ ಬಿಲ್ಲೆ ನೋಡಿದರು, ನನ್ನನ್ನು ನೋಡಿದರು. "ಟಿಪ್ಸ್, ಟಿಪ್ಸ್. ನಮ್ಮಾಕಿಗೆ ಇಲ್ಲಿ ಪದ್ಧತಿ ಗೊತ್ತಿಲ್ರಿ" ಎಂದು ಹಿಂದಿ ಕನ್ನಡ ಕೂಡಿಸಿ ನಕ್ಕರು.

ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದೆನಲ್ಲ. ಅದೊಂದು ದಿನ ಬಂತು. ಮತ್ತು ನಾನು, ಅಷ್ಟು ಇಂಗ್ಲಿಷ್ ಕಲಿತವಳು, ಮಂದಿಯೆದುರು ಗಂಡನ ಮಾತನ್ನು ಅಲ್ಲಗಳೆಯಲಾರದೆ ಸುಮ್ಮನೆ ನಿಂತೆ. ಹುಡುಗಿಯನ್ನು ಒಂದು ಬಾಗಿಲೊಳಗೆ ಕರೆದುಕೊಂಡು ಹೋದರು. ಬಿದ್ದ ಬಿಲ್ಲೆಗಳನ್ನು ಒಂದು ತಟ್ಟೆಯಲ್ಲಿ ಒಯ್ದರು. ನಾವು ಅರ್ಧ ತಾಸಿನೊಳಗೆ ದಂಡೆಗೆ ಬಂದೆವು.

ವಾಪಸು ಬರುವಾಗ ಕಾರಿನಲ್ಲಿ ನಾದಿನಿ ಚೇಷ್ಟೆ ಮಾಡಲಿಲ್ಲ. ಸಂಕೇಶ್ವರ ದಾಟಿದ ಮೇಲೆ ಒಮ್ಮೆ ಮಾತ್ರ ಅಂದಳು, "ಪಾಪ, ಅದರ ಕೆಲಸಕ್ಕ ಏನಾರ ಆದ್ರ?"

"ಏನಾಗತೈತಿ? ಏನೂ ಆಗಂಗಿಲ್ಲ" ಎಂದರು ಯಜಮಾನರು.

ಇಪ್ಪತ್ತು ದಿನದ ಮೇಲೆ ನಾದಿನಿಯ ಫೋನು ಬಂತು. ಸೀರೆಗೆ ಫಾಲ್ ಹಚ್ಚಿಸಲು ಬಸ್‌ಸ್ಟ್ಯಾಂಡಿನ ಹಿಂದಿನ ಹೊಲಿಗೆಯವಳ ಮನೆಗೆ ಹೋಗಿದ್ದಳಂತೆ. ಒಳಗಿನಿಂದ ನೀರಿನ ತಂಬಿಗೆ ತಂದವಳು ಅದೇ ಹುಡುಗಿ. "ವೈನಿ, ಅಕೀನ್ನ ಮನಿಗೆ ಕಳಿಸ್ಯಾರ್ರಿ. ವಿಚಾರಣಿ ನಡದೈತಂತ. ತಿಂಗಳೊಳಗ ತೀರ್ಮಾನಾ ಮಾಡತಾರಂತ, ಇಡೋದೋ ಬಿಡೋದೋ."

ಗುರುವಾರ ಬಸ್ಸು ಹತ್ತಿ ಹುಕ್ಕೇರಿಗೆ ಹೋದೆ. ಯಜಮಾನರಿಗೆ ನಾದಿನಿಯ ಮನೆಗೆ ಎಂದೆ, ಅದು ಸುಳ್ಳೂ ಅಲ್ಲ. ದಾರಿಯುದ್ದಕ್ಕೂ ಮನಸ್ಸು ಒಂದೇ ಕಡೆ ನಿಲ್ಲಲಿಲ್ಲ. ಇಪ್ಪತ್ತು ದಿನ ಬಿಟ್ಟು, ಸರಿಯಾಗಿ ನಾದಿನಿಯ ಕಣ್ಣಿಗೆ ಬಿದ್ದಳು ಅಂದರೆ? ಇವಳೇ ಕಾದು ಕೂತು, ಈಗ ನಮ್ಮ ಮೇಲೆ ಹೊರಿಸಲು ಏನಾದರೂ ಹೂಡಿದ್ದಾಳೆಯೇ?

ಮನೆ ಎರಡು ಖೋಲಿಯದು. ಮುಂದಿನ ಖೋಲಿಯಲ್ಲಿ ತಾಯಿಯ ಪಿಕೋ ಮಷೀನು, ಸುತ್ತ ಬಣ್ಣಬಣ್ಣದ ದಾರದ ಉಂಡೆ. ಹುಡುಗಿ ಮಾಸಿದ ಚೂಡಿದಾರದಲ್ಲಿ ಇನ್ನೂ ಸಣ್ಣವಳಾಗಿ ಕಂಡಳು. ಕೈಗೆ ಗಾಜಿನ ಬಳೆ ಬಂದಿದ್ದವು. ಗೋಡೆಗೆ ಆ ಕರಿ ಜಾಕೀಟು ತೂಗುಹಾಕಿತ್ತು, ಇಸ್ತ್ರಿ ಮಾಡಿ, ಮೇಲೆ ಒಂದು ಪ್ಲಾಸ್ಟಿಕ್ ಹೊದಿಸಿ. ಕೆಲಸ ಹೋದವರು ಹೀಗೆ ಇಡುತ್ತಾರೆಯೇ, ಬರುತ್ತದೆಂದು ಕಾಯುವವರು ಇಡುತ್ತಾರೆಯೇ ಅಂತ ಅದನ್ನೇ ನೋಡುತ್ತ ಕೂತೆ.

"ನಾವು ಮಂದಿಗೆ ಹೋಟೆಲ್‌ದಾಗ ಕೆಲಸಾ ಅಂತ ಹೇಳೇವ್ರಿ ಅಕ್ಕಾರ" ಎಂದು ತಾಯಿ ಮೊದಲೇ ದನಿ ಇಳಿಸಿದಳು. "ನೀವು ಏನಾರ ಕೇಳೋದಿದ್ರ ಸಾವಕಾಶ ಕೇಳ್ರಿ. ಬಾಜೂ ಮನಿ ಗ್ವಾಡಿ ತೆಳ್ಳಗೈತಿ."

ನಾನು ಸಾವಕಾಶ ಕೇಳಿದೆ. "ಖರೆ ಹೇಳು ತಂಗಿ. ಅವತ್ತು ತಪ್ಪಿ ಕೊಟ್ಟಿದ್ಯೋ, ಬೇಕಂತ ಕೊಟ್ಟಿದ್ಯೋ?"

ಅವಳು ನನ್ನನ್ನೇ ನೋಡಿದಳು. "ನೀವೂ ಅವರಂಗ ಕೇಳತೀರಲ್ರಿ" ಎಂದಳು.

ತಾಯಿ ಮಷೀನು ನಿಲ್ಲಿಸಿದಳು.

"ಬೆಳಿಗ್ಗಿಂದ ನಿಂತಿದ್ದೆ ರಿ. ನಿಮ್ಮ ನಾದಿನಿಯವರು ಗಿರಣಿ ಸಪ್ಪಳಾ ಅಂದ್ರಲ್ಲ, ನಗು ಬಂತು. ಎಷ್ಟ್ ದಿನಾ ಆಗಿತ್ತು ನಮ್ಮ ಮಾತಿಗೆ ನಕ್ಕು. ಕಣ್ಣು ಗೆರಿ ಬಿಟ್ಟು ಹೋತು. ಅಂಥಾ ತಪ್ಪು ಎಲ್ಲಾರ ಕೈಯಾಗೂ ಆಗತಾವ್ರಿ. ನೀವು ಆಗಿಂದಾಗ ಒಂದ್ ಮಾತು, ಇದು ಗೆರಿ ಮ್ಯಾಲಿತ್ತವಾ ಅಂದಿದ್ರ, ನಾ ಕೈ ಎತ್ತಿ ಸಾಹೇಬರನ್ನ ಕರೀತಿದ್ದೆ. ಅವರು ನೋಡಿ, ಹೆಚ್ಚಿಂದು ಹಿಂದ ತಗೊಂಡು, ಥ್ಯಾಂಕ್ಯೂ ಅಂತಿದ್ರು. ಮುಗೀತಿತ್ತು."

"ಎಲ್ಲಾರ ಮುಂದ ನಿನಗ ಕೆಟ್ಟ ಅನಿಸಬಾರದಂತ..."

"ಎಲ್ಲಾರ ಮುಂದ ಹೇಳಿದ್ರ ಅದು ಬರೇ ತಪ್ಪು ಅಕ್ಕಾರ. ಕೈಯಾಗ ಮುಚ್ಚಿ ಕೊಟ್ರ ಕಳವು. ಅಲ್ಲಿ ಹಂಗ."

ಕ್ಯಾಸಿನೊದವರ ಲೆಕ್ಕ ಅವಳು ಬಿಡಿಸಿ ಹೇಳಿದಳು. ಅವಳ ಊರು ಹುಕ್ಕೇರಿ, ನಮ್ಮ ಆಧಾರ್ ಕಾರ್ಡಿನಲ್ಲಿ ಗೋಕಾಕ. ನಮ್ಮ ಮೇಜಿಗೆ ದುಪ್ಪಟ್ಟು ಹೋಗಿದೆ. ಹದಿನೈದು ನಿಮಿಷದ ಮೇಲೆ ಸರಿಯಾಗಿ ಅರ್ಧ ಅವಳ ಕೈಗೆ ಬಂದಿದೆ. ಕ್ಯಾಮೆರಾಕ್ಕೆ ಕಿವಿ ಇಲ್ಲ. ಅದರ ಕಣ್ಣಿಗೆ ಇದು ಪಾಲು. ಯಜಮಾನರು ಟಿಪ್ಸ್ ಎಂದದ್ದೂ ಅವಳಿಗೇ ತಿರುಗಿತ್ತು. ಟಿಪ್ಸನ್ನು ಮೇಜಿನ ಡಬ್ಬಿಗೆ ಹಾಕಬೇಕು, ಕೈಯಲ್ಲಿ ಇಸಿದುಕೊಂಡರೂ ಕೆಲಸ ಹೋಗುತ್ತದೆ. ಆಡಿದ ಗಿರಾಕಿಯೇ ನಡೆದದ್ದನ್ನು ಬರೆದು ಸಹಿ ಮಾಡಿ ಕೊಟ್ಟರೆ ನೋಡೋಣ ಎಂದಿದ್ದರಂತೆ.

"ಹಂಗಾರ ಮೊದಲ ಯಾಕ ನಮ್ಮ ನಂಬರ್ ಹುಡುಕಲಿಲ್ಲ?"

"ಗಿರಾಕಿ ಮನಿಗೆ ಹೋದ್ರ ಅದೂ ಪಾಲಿನ ಮಾತಾಗತೈತ್ರಿ."

ನಾನು ಕೇಳಿದ್ದಕ್ಕೆಲ್ಲ ಅವಳಲ್ಲಿ ಉತ್ತರ ಇತ್ತು. ಅಷ್ಟೂ ಉತ್ತರ ಇದ್ದದ್ದಕ್ಕೇ ನನ್ನ ಮನಸ್ಸಿನ ಒಂದು ಮೂಲೆ ಇನ್ನೂ ಒಪ್ಪಲಿಲ್ಲ. ಆದರೆ ಅವಳ ಕೆಲಸ ನಿಂತಿರುವುದು ನನ್ನ ಎರಡು ಕೈಗಳ ಕಾರಣದಿಂದ, ಅದರಲ್ಲಿ ಸಂಶಯವಿರಲಿಲ್ಲ.

ಮರುದಿನ ಬೆಳಿಗ್ಗೆ ಗೋಕಾಕದ ಮನೆಯಲ್ಲಿ, ಅಡುಗೆ ಮುಗಿಸಿ, ಕಾನ್ವೆಂಟಿನ ಓರೆ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಬಿಲ್ಲೆ ಗೆರೆಯ ಮೇಲಿತ್ತು. ಹೆಚ್ಚು ಕೊಟ್ಟದ್ದನ್ನು ನಾವು ಆಗಲೇ ನೋಡಿದೆವು, ಹೇಳಲಿಲ್ಲ. ಆಮೇಲೆ ಅವಳು ಕೇಳದೆಯೇ, ನಮ್ಮ ಕಡೆಯ ರೂಢಿಯಂತೆ, ನಾನೇ ಅವಳ ಕೈಯಲ್ಲಿಟ್ಟೆ. ಅದು ಟಿಪ್ಸ್ ಅಲ್ಲ. ಊಟಕ್ಕೆ ಬಂದ ಯಜಮಾನರ ಮುಂದೆ ಕಾಗದ ಇಟ್ಟೆ.

ಅವರು ಎರಡು ಸಲ ಓದಿದರು. "ಇದನ್ನ ನಾಳೆ ಯಾರಾರ ವಾಟ್ಸಾಪಿಗೆ ಹಾಕಿದ್ರ? ಗೋಕಾಕದಾಗ ನಾ ಅಂಗಡಿ ತಗದ ಕುಂದರೋದು ಹ್ಯಾಂಗ?"

"ಯಾರೂ ಹಾಕಂಗಿಲ್ರಿ."

"ನಿನಗ ಹ್ಯಾಂಗ ಗೊತ್ತು? ಆ ಹುಡುಗಿ, ಅವರವ್ವ ಕೂಡಿ ನಾಟಕಾ ಮಾಡಾಕತ್ತಿದ್ರ? ನೀ ಮನಿಮಟಾ ಹೋಗಿ ಬಂದಿ ಅಲ್ಲ, ನನಗ ಹೇಳದ."

ನಾನು ಅವರ ತಟ್ಟೆಗೆ ರೊಟ್ಟಿ ಹಾಕಿದೆ. ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು. "ನಾವು ಆಗಲೇ ನೋಡಿದೆವು ಅಂತ ಬರದಿ. ನೋಡಿರಲಿಲ್ಲ ಅಂತ ಬರಿ. ಸಹಿ ಮಾಡತೇನಿ."

"ನೋಡಿರಲಿಲ್ಲ ಅಂದ್ರ ಅರ್ಧಾ ಬಿಲ್ಲಿ ಲೆಕ್ಕಾ ಹಾಕಿ ಹ್ಯಾಂಗ ತಿರಗಿ ಕೊಟ್ಟಿವಿ ಅಂತ ಕೇಳತಾರ್ರಿ. ಅಕೀನ ಹೇಳಿಕೊಟ್ಟಾಳ ಅಂತಾರ. ಆ ಒಂದ್ ಸಾಲು ಹೋದ್ರ ಅಕೀ ಕೆಲಸಾ ಹೋಗತೈತಿ."

"ನಾ ನೋಡಿರಲಿಲ್ಲ" ಎಂದರು ಯಜಮಾನರು, ರೊಟ್ಟಿ ಮುರಿಯುತ್ತ.

ನಾನು ಅವರ ಮುಖವನ್ನೇ ನೋಡಿದೆ. ಅವರು ತಲೆಯೆತ್ತಲಿಲ್ಲ. ಅಡುಗೆಮನೆಗೆ ಹೋಗಿ, ಬೇರೆ ಹಾಳೆ ತೆಗೆದು, ‘ನಾವು’ ಇದ್ದಲ್ಲೆಲ್ಲ ‘ನಾನು’ ಎಂದು ಬರೆದೆ. ನಾನು ನೋಡಿದೆ. ನಾನು ಹೇಳಲಿಲ್ಲ. ನನ್ನ ಹೆಸರಿನಲ್ಲಿಯೂ ಪ್ರವೇಶದ ಪಟ್ಟಿ ಕಟ್ಟಿದ್ದರಲ್ಲ, ನನ್ನ ಸಹಿಯೂ ಗಿರಾಕಿಯ ಸಹಿಯೇ. ಝೆರಾಕ್ಸ್ ಅಂಗಡಿಯಲ್ಲಿ ಆಧಾರ್ ಪ್ರತಿ ತೆಗೆಸಿ, ಅದರ ಜೊತೆ ಇಟ್ಟು ಕೊರಿಯರ್ ಮಾಡಿದೆ. ನನ್ನ ಹೆಸರು ಒಂದು ಕ್ಯಾಸಿನೊದ ಕಪಾಟಿನಲ್ಲಿ ಇರುತ್ತದೆ ಅಂತ ನೆನೆದು ಎರಡು ದಿನ ಕೊರಿಯರ್ ರಸೀದಿಯನ್ನು ತೆಗೆದು ತೆಗೆದು ನೋಡಿದೆ.

ಹತ್ತೋ ಹನ್ನೊಂದೋ ದಿನದ ಮೇಲೆ, ಭಾನುವಾರ ಮಧ್ಯಾಹ್ನ, ಹುಡುಗಿಯ ಫೋನು ಬಂತು. ಯಜಮಾನರು ಎದುರಿಗೇ ಕೂತು ಪೇಪರು ಓದುತ್ತಿದ್ದರು.

"ಅಕ್ಕಾರ, ತಿರಗಿ ತಗೊಂಡ್ರು. ಚಕ್ರದ ಕಡೆ ಅಲ್ಲ, ಸದ್ಯ ಬಾಗಿಲ ಹತ್ರ ಮಂದಿ ಕೈಗೆ ಪಟ್ಟಿ ಕಟ್ಟಾಕ ನಿಲ್ಲಿಸ್ಯಾರ. ಆರ್ ತಿಂಗಳು ನೋಡತಾರಂತ."

"ಪಗಾರ?"

"ಕಡಿಮಿ ರಿ. ಆದ್ರ ತಪ್ಪು ಅಂತ ಬರದಾರ, ಕಳವು ಅಂತ ಬರದಿಲ್ಲ." ಹಾಗೇ ಮುಂದುವರಿಸಿದಳು, "ನಿಮ್ಮ ಕಾಗದ ಓದಿ ಒಂದು ಕೇಳಿದ್ರು. ಆಡಿದವರು ಇವರ ಗಂಡ, ಅವರ ಸಹಿ ಯಾಕಿಲ್ಲ, ಅವರು ನೋಡಿರಲಿಲ್ಲೇನು ಅಂತ."

"ನೀ ಏನಂದಿ?"

"ನೋಡಿರಲಿಲ್ಲ ಅಂದೆ. ಅವರು ನೋಡಿದ್ರ ನನಗ ತಿಳೀತಿತ್ತು, ಆಗಲೇ ಸಾಹೇಬರನ್ನ ಕರೀತಿದ್ದೆ ಅಂದೆ. ಅದಕ್ಕ ನಂಬಿದ್ರು." ಆಮೇಲೆ ಮೆಲ್ಲಗೆ, "ಅವರು ಕನ್ನಡಕಾ ಒರಸಿದ್ದು ನಾನೂ ನೋಡಿದ್ನಿ ರಿ. ಆದ್ರ ಯಾಕ ಅಂತ ಆಗ ತಿಳೀಲಿಲ್ಲ."

ತಿಳಿದಿರಲಿಲ್ಲವೋ, ತಿಳಿದೂ ಸುಮ್ಮನಿದ್ದಳೋ. ನಾನು ಕೇಳಲಿಲ್ಲ. ಚೆನ್ನಾಗಿರು ಎಂದು ಫೋನು ಇಟ್ಟೆ.

"ಏನಂತ?" ಎಂದರು ಯಜಮಾನರು ಪೇಪರಿನ ಹಿಂದಿನಿಂದ.

"ಕೆಲಸಕ್ಕ ತಗೊಂಡಾರಂತ."

"ನೋಡ್ದಿ? ನನ್ನ ಸಹಿ ಬೇಕಾಗಲೇ ಇಲ್ಲ."

ಅವರು ಹಾಳೆ ಮಗುಚಿದರು. ನಾನು ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದೆ.